ಬೋರ್ಡಿನಲ್ಲಿ ಬಿಟ್ಟ ಜಾಗ

೧೯ ಜನವರಿ ೧೯೭೯, ಶುಕ್ರವಾರ. ಸಿಂಗಟಗೆರೆ

ಈ ಡೈರಿಯ ಮೊದಲ ಪುಟದಲ್ಲಿ ಹೆಸರು, ವಿಳಾಸ ಬರೆಯಲು ಎರಡು ಗೆರೆ ಎಳೆದಿದ್ದಾರೆ. ಎರಡು ಗೆರೆ ನನಗೆ ಸಾಲದು, ಇಲ್ಲೇ ಬರೆಯುತ್ತೇನೆ. ನಾನು ತೀರ್ಥಮ್ಮ, ಸಿಂಗಟಗೆರೆ ದೊಡ್ಡಮನೆಯ ದಿವಂಗತ ಚನ್ನಬಸಪ್ಪನವರ ಹೆಂಡತಿ. ಕಡೂರಿನ ಹೈಸ್ಕೂಲಿನಲ್ಲಿ ಓದಿದವಳು. ನನ್ನ ಕಾಲದಲ್ಲಿ ಈ ಊರಿನಿಂದ ಅಷ್ಟು ಓದಿದ ಹೆಣ್ಣು ಇನ್ನೊಬ್ಬಳಿರಲಿಲ್ಲ. ಅವರು ಹೋದ ಮೇಲೆ ಹದಿನೈದು ವರ್ಷದಿಂದ ತೋಟ, ಹೊಲ, ಇಬ್ಬರು ಗಂಡುಮಕ್ಕಳು ಎಲ್ಲವನ್ನೂ ನಾನೇ ನಡೆಸಿದ್ದೇನೆ. ಕೊಬ್ಬರಿ ಅಟ್ಟದ ಬೀಗದ ಕೈ ಇಂದಿಗೂ ನನ್ನ ಸೊಂಟದಲ್ಲೇ ಇದೆ. ನಮ್ಮ ಮನೆಯ ಕೊಬ್ಬರಿಯನ್ನು ಅರಸೀಕೆರೆಯ ವ್ಯಾಪಾರಿಗಳು ಒಡೆದು ನೋಡದೆ ಕೊಳ್ಳುತ್ತಾರೆ. ಮಠಕ್ಕೆ ಹೋದರೆ ಸ್ವಾಮಿಗಳು ಹೆಸರು ಹಿಡಿದು ಮಾತಾಡಿಸುತ್ತಾರೆ.

ನಮ್ಮ ಮುಂಬಾಗಿಲ ಪಕ್ಕದಲ್ಲಿ ಒಂದು ಬೋರ್ಡಿದೆ. ಮೇಲೆ ಯಜಮಾನರ ಹೆಸರು. ಕೆಳಗೆ ಹಿರಿಯ ಮಗ ಬಸವರಾಜಪ್ಪ, ಜಮೀನುದಾರರು. ಅದರ ಕೆಳಗೆ ಕಿರಿಯವನು, ಓಂಕಾರಮೂರ್ತಿ, ಬಿ.ಎಸ್ಸಿ. ಅವನ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿಸಿದ್ದೇನೆ. ಬರೆಯುವ ಈರಭದ್ರಪ್ಪ ಅಂದೇ ಕೇಳಿದ್ದ, "ಇಲ್ಲಿ ಏನ್ ಬರೀಲಿ ಅವ್ವಾರೇ?" "ಆಮೇಲೆ ಹೇಳ್ತೀನಿ" ಎಂದಿದ್ದೆ. ಮೂರು ವರ್ಷವಾಯಿತು.

ನನ್ನ ಮಗ ಮೀನುಗಾರಿಕೆ ಇಲಾಖೆಯಲ್ಲಿ ಅಧಿಕಾರಿ. ಇದನ್ನು ಬರೆಯುವಾಗ ಕೈ ನಿಂತಿತು, ಆದರೂ ಬರೆದೆ. ಲಿಂಗ ಕಟ್ಟಿದ ಮನೆಯ ಹುಡುಗ ಮಂಗಳೂರಿಗೆ ಹೋಗಿ ಮೀನಿನ ಓದು ಓದಿ ಬಂದ. ಊರಿನಲ್ಲಿ ಯಾವ ಇಲಾಖೆ ಎಂದವರಿಗೆ "ಸರ್ಕಾರದ್ದು" ಎಂದಿದ್ದೇನೆ. ಅದು ಸುಳ್ಳಲ್ಲ.

ತರೀಕೆರೆಯ ಅಡಿಕೆ ಮಂಡಿಯ ಸೋಮಶೇಖರಪ್ಪನವರು ಮಗಳ ಸಂಬಂಧಕ್ಕಾಗಿ ಬಂದಾಗ, "ನೀರಾವರಿ ಇಲಾಖೆ ಅಂತ ಕೇಳಿದ್ದೆ" ಎಂದರು. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ವೀಳ್ಯ ಬದಲಾಯಿಸಿಕೊಂಡೆವು. ಫೆಬ್ರವರಿ ಹದಿನೈದಕ್ಕೆ ನಿಶ್ಚಿತಾರ್ಥ. ಅಷ್ಟರೊಳಗೆ ಓಂಕಾರ ಆ ನೌಕರಿಗೆ ರಾಜೀನಾಮೆ ಕೊಟ್ಟು ಊರಿಗೆ ಬಂದುಬಿಡಬೇಕು. ನೌಕರಿ ಬಿಟ್ಟು ತೋಟ ನೋಡಿಕೊಳ್ಳುತ್ತಾನೆ ಎಂದರೆ ಯಾವ ನೌಕರಿಯಾಗಿತ್ತೆಂದು ಯಾರೂ ಅಗೆದು ಕೇಳುವುದಿಲ್ಲ. ರಾಜೀನಾಮೆ ಪತ್ರವನ್ನು ದಪ್ಪ ಕಾಗದದ ಮೇಲೆ ನಾನೇ ಬರೆದಿದ್ದೇನೆ. ಅವನು ಸಹಿ ಹಾಕಿದರೆ ಮುಗಿಯಿತು.

ನಾಳೆ ಹೊರಡುತ್ತೇನೆ. ರೊಟ್ಟಿ, ಹುರಿಹಿಟ್ಟು, ಚಟ್ನಿಪುಡಿ, ವಿಭೂತಿ, ತಾಮ್ರದ ಬಿಂದಿಗೆಯಲ್ಲಿ ನಮ್ಮ ಬಾವಿಯ ನೀರು. ಇಪ್ಪತ್ತೈದು ಕೊಬ್ಬರಿ.

ಬಸವರಾಜ ನಕ್ಕ. "ಸಮುದ್ರದ ದಂಡೇಲಿ ತೆಂಗಿನಕಾಯಿಗೆ ಬರಾನಾ ಅವ್ವಾ?"

"ಕಾಯಿ ಬೇರೆ, ಕೊಬ್ಬರಿ ಬೇರೆ ಕಣೋ. ಸುಮ್ಕೆ ಮೂಟೆ ಕಟ್ಟು."

೨೧ ಜನವರಿ, ಭಾನುವಾರ. ಕೋಡಿಹಿತ್ಲು

ಶಿವಮೊಗ್ಗದಲ್ಲಿ ಒಂದು ರಾತ್ರಿ ತಂಗಿದ್ದು, ಕುಂದಾಪುರದ ಬಸ್ಸಿನಲ್ಲಿ ಘಟ್ಟ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಹೊಳೆ ದಾಟಲು ದೋಣಿ. ಬಿಂದಿಗೆಯನ್ನು ಉದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಒಂದು ತೊಟ್ಟೂ ಚೆಲ್ಲಲಿಲ್ಲ.

ಊರು ಕಾಣುವುದಕ್ಕೆ ಮೊದಲು ವಾಸನೆ ಬಂತು. ಸೆರಗು ಮೂಗಿಗೆ ಒತ್ತಿಕೊಂಡೆ. ಓಂಕಾರ ದಡದಲ್ಲಿ ನಿಂತಿದ್ದ. ಕಪ್ಪಗಾಗಿದ್ದಾನೆ. ಕಾಲು ಮುಟ್ಟಲು ಬಗ್ಗಿದವನನ್ನು ತಡೆದು ಮೊದಲು ಕೇಳಿದೆ, "ಕೊರಳಾಗೆ ಲಿಂಗ ಐತೇನೋ?"

ಅಂಗಿಯ ಗುಂಡಿ ಬಿಚ್ಚಿ ಶಿವದಾರ ತೋರಿಸಿದ. "ಐತೆ ಕಣವ್ವಾ. ದಿನಾ ಪೂಜೆ ಮಾಡ್ತೀನಿ. ಮೀನು ತಿನ್ನಲ್ಲ, ಮೀನಿನ ಲೆಕ್ಕ ಬರೀತೀನಿ ಅಷ್ಟೇ."

ಮನೆ ಹೆಂಚಿನದು, ಚೊಕ್ಕಟವಾಗಿದೆ. ಆದರೆ ಹಿತ್ತಿಲ ಆಚೆಗೆ ಮರಳಿನ ಮೇಲೆ ಕಣ್ಣು ಹಾಯುವಷ್ಟು ದೂರ ಮೀನು ಒಣಹಾಕಿದ್ದಾರೆ. ಪತ್ರ ಕೊಟ್ಟೆ. ಎರಡು ಸಲ ಓದಿದ.

"ಅಕ್ಷರ ಎಷ್ಟು ಚೆನ್ನಾಗಿದೆ ಅವ್ವಾ ನಿಂದು" ಎಂದ.

"ಅಕ್ಷರ ನೋಡೋಕೆ ಕೊಟ್ಟಿಲ್ಲ."

"ಬಂದಿದೀಯ, ನಾಲ್ಕು ದಿನ ಇರು. ಹೊರಡೋ ಹೊತ್ತಿಗೆ ನೀನು ಏನಂತೀಯೋ ಹಂಗೇ."

ಇದ್ದರೆ ನನಗೇನು. ಪತ್ರವನ್ನು ಟ್ರಂಕಿನಲ್ಲಿಟ್ಟೆ.

೨೩ ಜನವರಿ

ಒಬ್ಬ ಮೀನಿನ ಹೆಂಗಸು ಬಾಗಿಲಿಗೆ ಕೊಡ ಹೊತ್ತು ಬಂದಳು. ನನ್ನ ವಯಸ್ಸಿನವಳೇ, ಎತ್ತರದ ಆಳು. ಹೆಸರು ಮುತ್ತು. ಒಣಹಾಕುವ ಹೆಂಗಸರಿಗೆಲ್ಲ ಅವಳೇ ಮುಂದಾಳಂತೆ. ತನ್ನ ಬಾವಿಯ ನೀರು, ಸಿಹಿ ನೀರು ಎಂದಳು.

"ನಮ್ಮ ನೀರು ನಮಗೈತಮ್ಮ."

ಅವಳು ಬಿಂದಿಗೆಯತ್ತ ನೋಡಿ, "ಅದ್ ಮುಗ್ದ್ ಮೇಲೆ ಎಂತ ಮಾಡ್ತ್ರಿ?" ಎಂದು ನಕ್ಕಳು. ಕೋಪವಿರಲಿಲ್ಲ, ನಗು ಮಾತ್ರ. ನನಗೆ ಹಿಡಿಸಲಿಲ್ಲ. ಬಾಗಿಲು ಮುಂದೆ ಮಾಡಿದೆ.

ವಾಸನೆಯಲ್ಲಿ ಲಿಂಗಪೂಜೆಗೆ ಮನಸ್ಸು ನಿಲ್ಲುತ್ತಿಲ್ಲ.

೨೫ ಜನವರಿ

ಇಂದು ನಮ್ಮ ಮನೆತನಕ್ಕೆ ಆಗಬಾರದ ಅವಮಾನ ಆಯಿತು.

ಇಲಾಖೆಯವರು ಮೀನು ಒಣಗಿಸಲು ಬಿದಿರಿನ ಅಟ್ಟಣಿಗೆಗಳನ್ನು ಕಟ್ಟಿಸಿ ಕೊಟ್ಟಿದ್ದಾರೆ, ಹನ್ನೆರಡು. ಮರಳಿನ ಮೇಲೆ ಹಾಕಬೇಡಿ, ಇದರ ಮೇಲೆ ಹಾಕಿ ಎಂದು ಓಂಕಾರ ಹೇಳಬೇಕು. ಅದೇ ಅವನ ಕೆಲಸ. ಒಂದು ಚಾರ್ಟು ನೇತುಹಾಕಿ ಗಾಳಿ, ತೇವಾಂಶ, ಶೇಕಡಾ ಇಷ್ಟು ಎಂದು ವಿವರಿಸಿದ. ಹೆಂಗಸರು ಕೇಳುವಷ್ಟು ಕೇಳಿ ನಗಾಡಿದರು.

"ಮೀನ್ ಮಂಚದ್ ಮೇಲೆ ಮಲ್ಕಂಬುದಾ ಸಾರ್? ದಿಂಬ್ ಬೇಡ್ದಾ?" ಎಂದಳು ಒಬ್ಬಳು.

ಅಟ್ಟಣಿಗೆಗಳ ಮೇಲೆ ಈಗ ಸೀರೆ ಒಣಗುತ್ತಿವೆ. ಚಾರ್ಟನ್ನು ಸುತ್ತಿಕೊಂಡು ಅವನು ತಲೆ ತಗ್ಗಿಸಿ ಬಂದ. ದೊಡ್ಡಮನೆಯ ಹುಡುಗನನ್ನು ಮೀನು ಒಣಗಿಸುವವರು ನೋಡಿ ನಗುವುದೇ? ಬೇಗ ಇಲ್ಲಿಂದ ಕರೆದುಕೊಂಡು ಹೋಗಬೇಕು.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೇಳಿದ ರೀತಿ ತಪ್ಪು.

೨೭ ಜನವರಿ

ಪೂಜೆಗೆ ಜಾಗ ಸಿಕ್ಕಿತು. ದಂಡೆಯಿಂದ ಸ್ವಲ್ಪ ಆಚೆ ಚಪ್ಪಟೆಯಾದ ಬಂಡೆ ಇದೆ. ಅಲ್ಲಿ ಕಡಲ ಕಡೆಯಿಂದ ಶುದ್ಧವಾದ ಗಾಳಿ. ನಾನು ಬಂದ ದಿನ ಬೆಳಿಗ್ಗೆ ಅದರ ಸುತ್ತ ನೀರಿತ್ತು. ಹಿತ್ತಿಲಿಂದ ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ, ದಿನದಿಂದ ದಿನಕ್ಕೆ ನೀರು ಇಳಿಯುತ್ತಿದೆ. ಇಂದು ಮರಳಿನ ಮೇಲೆ ನಡೆದೇ ಹೋಗಬಹುದಾಗಿತ್ತು. ನಮ್ಮ ಕೆರೆಯೂ ಹೀಗೆಯೇ. ಸಂಕ್ರಾಂತಿ ಕಳೆದ ಮೇಲೆ ಇಳಿಯಲು ಹತ್ತಿದರೆ ಮುಂಗಾರಿನವರೆಗೆ ಏರುವುದಿಲ್ಲ. ಬಿಟ್ಟ ನೆಲದಲ್ಲಿ ಸೌತೆಕಾಯಿ ಹಾಕಿಕೊಳ್ಳುತ್ತಾರೆ.

ನಾಳೆ ಅಮಾವಾಸ್ಯೆ. ಪೂಜೆಯನ್ನು ಅಲ್ಲೇ ಮಾಡುತ್ತೇನೆ.

೨೮ ಜನವರಿ, ಭಾನುವಾರ. ಅಮಾವಾಸ್ಯೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಸ್ನಾನ ಮಾಡಿ, ಪತ್ರೆ, ವಿಭೂತಿ, ಚಂಬು ತೆಗೆದುಕೊಂಡು ಬಂಡೆಗೆ ಹೋದೆ. ಓಂಕಾರ ದೋಣಿಗಳ ಲೆಕ್ಕಕ್ಕೆ ಹೋಗಿದ್ದ. ದಾರಿಯ ಮರಳು ಒಣಗಿತ್ತು. ಕಡಲ ಕಡೆ ಮುಖ ಮಾಡಿ ಕೂತು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೆ. ಲಿಂಗ ಕೈಯಲ್ಲಿರುವಾಗ ಮಾತಾಡಬಾರದು, ಅರ್ಧಕ್ಕೆ ಏಳಬಾರದು, ದೃಷ್ಟಿ ಅತ್ತಿತ್ತ ಹೋಗಬಾರದು. ಮದುವೆಯಾಗಿ ಬಂದ ವರ್ಷ ನಮ್ಮ ಅತ್ತೆ ಕಲಿಸಿದ ನೇಮ. ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಮುರಿದಿಲ್ಲ.

ಎಷ್ಟು ಹೊತ್ತಾಯಿತೋ, ಹಿಂದಿನಿಂದ ಕೂಗು ಕೇಳಿತು. "ಅಮ್ಮಾ! ಏಳಿ! ನೀರ್ ಬತ್ತಾ ಇತ್ತ್!" ತಿರುಗಲಿಲ್ಲ. ಇನ್ನೊಮ್ಮೆ ಕೂಗಿದರು. ಸೀರೆಯ ಅಂಚು ತೇವವಾದದ್ದು ತಿಳಿಯಿತು. ಆಗಲೂ ಏಳಲಿಲ್ಲ. ಜಪ ಉಳಿದಿತ್ತು.

ಆಮೇಲೆ ನನ್ನ ಎದುರಿಗೆ, ಬಂಡೆಯ ಆಚೆ ಬದಿಯ ನೀರಿನಲ್ಲಿ ಯಾರೋ ಬಂದು ನಿಂತರು. ಕಣ್ಣೆತ್ತಲಿಲ್ಲವಾದರೂ ಕೆಂಪು ಸೀರೆ ಕಂಡಿತು. ಮುತ್ತು. ಸೊಂಟದವರೆಗೆ ನೀರಿನಲ್ಲಿದ್ದಳು. ನನ್ನ ಅಂಗೈ ನೋಡಿದಳೆಂದು ಕಾಣುತ್ತದೆ, ಮತ್ತೆ ಒಂದು ಮಾತೂ ಆಡಲಿಲ್ಲ. ನನಗೆ ಬೆನ್ನು ಮಾಡಿ ಕಡಲಿಗೆ ಎದುರಾಗಿ ನಿಂತಳು. ತಲೆಯ ಮೇಲಿನ ದೊಡ್ಡ ಬುಟ್ಟಿಯನ್ನು ಇಳಿಸಿ ಎರಡೂ ಕೈಯಲ್ಲಿ ಅಡ್ಡ ಹಿಡಿದಳು. ತೆರೆ ಬಂದು ಅವಳಿಗೆ ಬಡಿಯಿತು. ಬುಟ್ಟಿಗೆ ಬಡಿಯಿತು. ಲಿಂಗದ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಜಪ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುವವರೆಗೆ ಅವಳು ಹಾಗೇ ನಿಂತಿದ್ದಳು. ನಾನು ತಿರುಗಿ ನೋಡಿದರೆ ಮರಳಿನ ದಾರಿ ಇರಲಿಲ್ಲ. ದಂಡೆಯವರೆಗೂ ನೀರು.

"ಇನ್ನ್ ಬತ್ರ್ಯಾ ಅಮ್ಮ?" ಎಂದಳು ತಿರುಗಿ. ಆಮೇಲೆ ದನಿ ತಗ್ಗಿಸಿ, "ಮುಟ್ಲಾ?"

"ಮುಟ್ಟದೆ ಹೆಂಗೆ ಎತ್ತೀಯ?" ಎಂದೆ.

ಬೆನ್ನ ಮೇಲೆ ಹೊತ್ತುಕೊಂಡು ಬಂದಳು. ದಂಡೆಯ ಮೇಲಿನ ಹೆಂಗಸರೆಲ್ಲ ನೋಡಿದರು. ಇಳಿಸಿ, ಮೂಗಿನಿಂದ ಉಸಿರು ಬಿಡುತ್ತ, "ಮೀನ್ ಬುಟ್ಟಿಗಿಂತ ಹಗೂರ ಇದ್ರಿ ಕಾಣಿ" ಎಂದಳು. ನಾನು ಹಗುರವಾದ ಹೆಂಗಸಲ್ಲ. ಹಾಗೆಂದು ಅವಳಿಗೆ ಹೇಳಿದೆ.

ಕಡಲಿನ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆಂದು ಹೈಸ್ಕೂಲಿನ ಭೂಗೋಳದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದು ಪೂರ್ತಿ ಅಂಕವೂ ಸಿಕ್ಕಿತ್ತು.

ನಾನು ಹೆದರಲಿಲ್ಲ.

೨೯ ಜನವರಿ

ಮೈ ಸ್ವಲ್ಪ ಬೆಚ್ಚಗಿದೆ. ಬಿಂದಿಗೆಯ ನೀರು ಮುಗಿಯಿತು. ಬಾವಿ ನೀರು ತರಿಸಿ ತುಂಬಿಸಿದೆ. ಸಿಹಿಯಾಗಿದೆ. ಮುತ್ತುವಿಗೆ ಹತ್ತು ಕೊಬ್ಬರಿ ಕೊಟ್ಟೆ.

೩೦ ಜನವರಿ, ಮಂಗಳವಾರ

ಮುತ್ತು ಕೊಬ್ಬರಿ ಗಿಟುಕು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಇಲ್ಲಿಯವರು ಕಾಯಿಯನ್ನು ಎರಡು ಹೋಳು ಮಾಡಿ ಬಿಸಿಲಿಗೆ ಹಾಕುವವರು, ಎಣ್ಣೆಗೆ. ಇಡೀ ಉಂಡೆಯಾಗಿ ಒಣಗಿದ್ದನ್ನು ಅವಳು ನೋಡಿರಲಿಲ್ಲವಂತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದ್ ಹ್ಯಾಂಗ್ ಒಣಗ್ಸ್ತ್ರಿ ಅಮ್ಮ? ಬೂಷ್ಟ್ ಇಲ್ಲ, ಮುಗ್ಗಲ್ ವಾಸ್ನಿ ಇಲ್ಲ."

ಕೇಳಿದ ಮೇಲೆ ಹೇಳದೆ ಇರಲಾಗುತ್ತದೆಯೇ. ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡುತ್ತೇವೆ, ಅಟ್ಟಕ್ಕೆ ಹಲಗೆ ಹಾಸುವುದಿಲ್ಲ, ಸಂದು ಬಿಟ್ಟು ಗಳ ಹಾಕುತ್ತೇವೆ, ಗಾಳಿ ಕೆಳಗಿನಿಂದ ಬರಬೇಕು ಎಂದೆ. "ನೆಲಕ್ಕೆ ಹಾಕಿದ್ರೆ ಮೇಲೆ ಒಣಗ್ತದೆ, ಕೆಳಗೆ ಕೊಳೀತದೆ. ತಿನ್ನೋ ಪದಾರ್ಥಾನ ಯಾರಾದ್ರೂ ನೆಲಕ್ಕೆ ಹಾಕ್ತಾರೇನಮ್ಮ? ನಮ್ಮನೇಲಿ ಸೊಸೆ ಹಾಕಿದ್ರೆ ಅವತ್ತೇ ತವರಿಗೆ ಕಳಿಸ್ತಿದ್ದೆ."

ಅವಳು ಅಟ್ಟಣಿಗೆಗಳ ಕಡೆ ನೋಡಿದಳು. ನಾನೂ ನೋಡಿದೆ. ಸೀರೆ ಒಣಗುತ್ತಿದ್ದವು.

"ಸಾರ್ ಹೇಳದ್ ಇದೇ ಅಲ್ದಾ?" ಎಂದಳು.

"ಮತ್ತೆ ಇನ್ನೇನು? ಅವನು ಹುಟ್ಟಿದ್ದೇ ಕೊಬ್ಬರಿ ಅಟ್ಟದ ಕೆಳಗೆ."

ಎದ್ದು ಹೋದೆ. ಮೂಗಿಗೆ ಸೆರಗಿತ್ತು. ಸೀರೆಗಳನ್ನೆಲ್ಲ ತೆಗೆಸಿದೆ. ಗಳಗಳನ್ನು ತೀರ ಒತ್ತಾಗಿ ಕಟ್ಟಿದ್ದರು. ಎರಡು ಬೆರಳು ಸಂದು ಬಿಡಿಸಿ ಮತ್ತೆ ಕಟ್ಟಿಸಿದೆ. ಇಲಾಖೆಯವರಿಗೆ ಇಷ್ಟು ತಿಳಿಯಬೇಡವೇ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ತಿರುಗಿಸಿ ಇಡಿಸಿದೆ. ಒಂದರ ಮೇಲೊಂದು ಬೀಳದಂತೆ ಹರಡಬೇಕು, ಮಧ್ಯಾಹ್ನ ಒಂದು ಸಲ ಮಗುಚಬೇಕು ಎಂದು ಕೋಲಿನಿಂದ ತೋರಿಸಿದೆ. ಕೈಯಿಂದ ಮುಟ್ಟಲಿಲ್ಲ.

ಮಂಚ, ದಿಂಬು ಎಂದಿದ್ದವಳನ್ನು ಮೊದಲು ಕರೆದು ಅವಳ ಕೈಯಲ್ಲೇ ಹಾಕಿಸಿದೆ.

೧ ಫೆಬ್ರವರಿ

ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಮಗುಚುವುದನ್ನು ಮರೆಯುತ್ತಾರೆ, ಹೇಳುತ್ತಲೇ ಇರಬೇಕು. ಸಣ್ಣ ಮೀನು ಎರಡು ದಿನಕ್ಕೆ ಸಾಕು, ದೊಡ್ಡದಕ್ಕೆ ನಾಲ್ಕು. ಬಾಗಿಸಿದರೆ ಮುರಿಯಬೇಕು, ಮಣಿಯಬಾರದು. ಓಂಕಾರನೂ ಪಕ್ಕದಲ್ಲಿ ನಿಂತು ಬರೆದುಕೊಂಡ. ಊಟಕ್ಕೆ ತಡವಾಯಿತು.

೨ ಫೆಬ್ರವರಿ, ಶುಕ್ರವಾರ

ಘಟ್ಟದ ಮೇಲಿಂದ ಒಣಮೀನಿನ ವ್ಯಾಪಾರಿ ಬಂದಿದ್ದ. ಪ್ರತಿ ವಾರ ಬರುತ್ತಾನಂತೆ. ಬುಟ್ಟಿಯನ್ನು ಗೋಣಿಯ ಮೇಲೆ ಕೊಡವಿ, ಬಿದ್ದ ಮರಳನ್ನು ಮುಷ್ಟಿಯಲ್ಲಿ ತುಂಬಿ ಎಲ್ಲರಿಗೂ ತೋರಿಸಿ ಬೆಲೆ ಇಳಿಸುವುದು ಅವನ ಪದ್ಧತಿ. ಇಂದು ಕೊಡವಿದ. ಮತ್ತೆ ಕೊಡವಿದ. ಗೋಣಿಯ ಮೇಲೆ ಏನೂ ಬೀಳಲಿಲ್ಲ.

"ಮರಳೆಲ್ಲಿ ಮಾರಾಯ್ತಿ?" ಎಂದ.

"ಬೇಕಿದ್ರೆ ದಂಡಿ ಮೇಲಿತ್ತ್, ತಕಂಡ್ ಹೋಯ್ನಿ" ಎಂದರು ಮುತ್ತಕ್ಕ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಸೆರಗು ಅಡ್ಡವಿತ್ತು.

"ಇದ್ ಕಲ್ಸದ್ ಯಾರ್?" ಎಂದು ಅವನು ಕೇಳಿದಾಗ ಮುತ್ತಕ್ಕ ನನ್ನ ಕಡೆ ಕೈ ತೋರಿಸಿದರು. "ಸಾರ್ ಹೇಳಿದ್ರ್, ನಾವ್ ಕೇಣ್ಲಿಲ್ಲ. ಅವ್ರ ಅಬ್ಬೆ ಬೈದ್ರ್, ಕೇಂಡ್ತ್."

ಸಂಜೆ ಓಂಕಾರ ಇಲಾಖೆಗೆ ವರದಿ ಬರೆದು ತೋರಿಸಿದ. "ಸ್ಥಳೀಯ ಮಹಿಳೆಯರ ಸಹಕಾರದಿಂದ" ಎಂದಿತ್ತು. ನಾನು ಸ್ಥಳೀಯಳಲ್ಲ. ತಿದ್ದು ಎಂದೆ. "ನಿನ್ನ ಹೆಸರು ಹಾಕಿದ್ರೆ ಇವರ ತಾಯಿ ಯಾಕೆ ಬಂದಿದ್ರು ಅಂತ ಮೇಲಿನವರು ಕೇಳ್ತಾರೆ ಅವ್ವಾ. ಏನಂತ ಬರೀಲಿ?" ಎಂದ.

ವರದಿಯನ್ನು ಮಡಿಚಿ ಅವನ ಕೈಗೆ ಕೊಟ್ಟೆ.

೪ ಫೆಬ್ರವರಿ

ಇವತ್ತು ಟ್ರಂಕಿನಿಂದ ಪತ್ರ ತೆಗೆದು ಅವನ ಮುಂದಿಟ್ಟೆ. ಅವನು ವಾದಿಸಲಿಲ್ಲ. ವಾದಿಸುತ್ತಾನೆಂದು ನಾನು ಮಾತು ಸಿದ್ಧ ಮಾಡಿಕೊಂಡಿದ್ದೆ. ಪೆನ್ನು ತೆಗೆದು ಸಹಿ ಹಾಕಿ, ಇಲಾಖೆಯ ವಿಳಾಸ ಬರೆದ ಲಕೋಟೆಯ ಸಮೇತ ನನ್ನ ಕೈಗೇ ಕೊಟ್ಟ.

"ಕುಂದಾಪುರದಲ್ಲಿ ನೀನೇ ಅಂಚೆಗೆ ಹಾಕ್ಬಿಡು. ನನ್ನ ಕೈಲಿ ಆಗಲ್ಲ."

"ಯಾಕೋ ಆಗಲ್ಲ?"

"ಮೂರು ವರ್ಷ ಇವ್ರು ನನ್ನ ಮಾತು ಕೇಳ್ಳಿಲ್ಲ. ಈಗ ಕೇಳ್ತಾವ್ರೆ ಕಣವ್ವಾ. ಈಗ ಬಿಟ್ಟು ಹೋಗ್ಬೇಕಲ್ಲ, ಅದಕ್ಕೆ."

ನನ್ನ ಮಗ ಮಾತು ಕೊಟ್ಟರೆ ನಡೆಸುವವನು. ಅದನ್ನು ಕಲಿಸಿದವಳು ನಾನು.

೬ ಫೆಬ್ರವರಿ, ಮಂಗಳವಾರ. ಶಿವಮೊಗ್ಗ

ಬೆಳಿಗ್ಗೆ ಹೊರಟೆ. ದಾರಿಗೆ ಮುತ್ತಕ್ಕನ ಬಾವಿಯ ನೀರನ್ನು ಬಿಂದಿಗೆಗೆ ತುಂಬಿಸಿಕೊಂಡೆ. ದೋಣಿಯವರೆಗೆ ಬಂದಿದ್ದರು. "ಮತ್ತ್ ಬನ್ನಿ ಅಮ್ಮ, ಬಂಡೆ ಮೇಲೆ ಕೂಕಂಬುದಿದ್ರೆ ಮಾತ್ರ ನಂಗೆ ಹೇಳಿ ಕೂಕಣಿ" ಎಂದರು. ಸಲುಗೆ ಹೆಚ್ಚಾಯಿತು. ಹದಿನೈದು ಕೊಬ್ಬರಿ ಉಳಿದಿತ್ತು, ಎಲ್ಲವನ್ನೂ ಅವರ ಬುಟ್ಟಿಗೆ ಹಾಕಿದೆ.

ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಂಚೆ ಡಬ್ಬ ಇದೆ. ಲಕೋಟೆ ಹೊರಗೆ ತೆಗೆದೆ. ಅಷ್ಟರಲ್ಲಿ ಬಸ್ಸು ಬಂತು. ಹತ್ತಿದೆ. ಶಿವಮೊಗ್ಗದಲ್ಲೂ ಡಬ್ಬವಿದೆ.

೭ ಫೆಬ್ರವರಿ, ಬುಧವಾರ. ತರೀಕೆರೆ

ರೈಲಿನಲ್ಲಿ ತರೀಕೆರೆಗೆ ಬಂದು ನೇರವಾಗಿ ಸೋಮಶೇಖರಪ್ಪನವರ ಮನೆಗೆ ಹೋದೆ. ಗೌರವದಿಂದ ಕೂರಿಸಿದರು. ಅವರ ಅಣ್ಣತಮ್ಮಂದಿರು, ನೆಂಟರು ನಾಲ್ಕೈದು ಜನ ಪಡಸಾಲೆಯಲ್ಲಿದ್ದರು. ಹುಡುಗಿ ವಿಶಾಲಾಕ್ಷಿ ಹಾಲು ತಂದುಕೊಟ್ಟು ಬಾಗಿಲಲ್ಲಿ ನಿಂತಳು. ಲಕ್ಷಣವಾದ ಹುಡುಗಿ. ಇಂಥ ಮನೆಯ ಸಂಬಂಧ ನಮಗೆ ಮತ್ತೆ ಸಿಗುವುದು ಕಷ್ಟ. ಅದು ನನಗೆ ತಿಳಿದಿತ್ತು.

"ನಮ್ಮ ಅಳಿಯಂದಿರು ಯಾವ ಡ್ಯಾಮಿನ ಕೆಲಸದಲ್ಲವ್ರೆ ಅಕ್ಕಾರೇ? ನಮ್ಮ ಅಣ್ಣ ಕೇಳ್ತಾನೇ ಅವ್ನೆ" ಎಂದರು ಸೋಮಶೇಖರಪ್ಪ.

"ಡ್ಯಾಮಿಲ್ಲ ಅಪ್ಪಾ. ನನ್ನ ಮಗ ಮೀನಿನ ಇಲಾಖೆಯಲ್ಲಿ ಅಧಿಕಾರಿ. ಸಮುದ್ರದ ದಂಡೇಲಿ ಮೀನು ಒಣಗಿಸೋದನ್ನ ಕಲಿಸ್ತಾನೆ. ಅವತ್ತು ನೀವು ನೀರಾವರಿ ಅಂದಾಗ ನಾನು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು, ಅವನದಲ್ಲ."

ಅಣ್ಣ ಎನ್ನುವವರು ಕೆಮ್ಮಿದರು. ಸೋಮಶೇಖರಪ್ಪ ಹತ್ತಿರ ಸರಿದು, "ಅದಕ್ಕೇನಂತೆ ಅಕ್ಕಾರೇ, ಬಿಡಿಸ್ಬಿಡಿ. ಮಂಡೀಲಿ ನಂಜೊತೆ ಕೂತ್ಕಳ್ಲಿ. ಹೊರಗೆ ಯಾರಿಗೂ ತಿಳಿಯೋದು ಬ್ಯಾಡ" ಎಂದರು.

ಹತ್ತೊಂಬತ್ತು ದಿನದ ಹಿಂದೆ ನಾನೇ ಬರೆದಿಟ್ಟಿದ್ದ ಮಾತು ಅದು. ಅವರ ಬಾಯಲ್ಲಿ ಕೇಳಿದರೆ ಚಿಕ್ಕ ಮಾತಾಗಿ ಕೇಳಿಸಿತು.

"ಮುಚ್ಚಿಡೋಕೆ ಅವನು ಕದ್ದಿಲ್ಲ ಸೋಮಶೇಖರಪ್ಪ. ಬಿಡೋದೂ ಇಲ್ಲ. ಹಿಂಗೇ ಒಪ್ಪೋದಾದ್ರೆ ಕಾಗದ ಬರೀರಿ" ಎಂದೆ. ಸಂಚಿಯಿಂದ ಅವರು ಕೊಟ್ಟಿದ್ದ ಅಡಿಕೆಯನ್ನು ತೆಗೆದು ತಟ್ಟೆಯಲ್ಲಿಟ್ಟೆ. ವೀಳ್ಯದೆಲೆ ಅಂದೇ ಬಾಡಿಹೋಗಿತ್ತು. ಹಾಲು ಕುಡಿದು, ಬಿಂದಿಗೆಯ ನೀರು ಕುಡಿದು ಎದ್ದೆ.

ಬಾಗಿಲಲ್ಲಿ ಹುಡುಗಿ ಕಾಲು ಮುಟ್ಟಿದಳು. ಆಶೀರ್ವಾದ ಮಾಡಿದೆ. ಅದಕ್ಕೆ ಅಡ್ಡಿಯೇನಿಲ್ಲ.

೧೧ ಫೆಬ್ರವರಿ, ಭಾನುವಾರ. ಸಿಂಗಟಗೆರೆ

ತರೀಕೆರೆಯಿಂದ ಕಾಗದ ಬಂದಿಲ್ಲ. ಬಸವರಾಜ ಎರಡು ದಿನ ಮುಖ ಊದಿಸಿಕೊಂಡಿದ್ದ. "ಮಾನ ಹೋಯ್ತಲ್ಲವ್ವಾ" ಎಂದ. "ಯಾರ್ದೋ? ನಂದು ಇಲ್ಲೇ ಐತೆ" ಎಂದೆ.

ರಾಜೀನಾಮೆಯ ಕಾಗದ ಗಟ್ಟಿಯಾದದ್ದು, ದಂಡ ಮಾಡಬಾರದು. ಪೂಜೆಯ ವಿಭೂತಿ ಗಟ್ಟಿಯನ್ನು ಅದರಲ್ಲಿ ಸುತ್ತಿಟ್ಟಿದ್ದೇನೆ.

ಬೆಳಿಗ್ಗೆ ಈರಭದ್ರಪ್ಪನನ್ನು ಕರೆಸಿದೆ. ಬಣ್ಣ, ಕುಂಚ ತಂದು ಬೋರ್ಡಿನ ಖಾಲಿ ಜಾಗದ ಮುಂದೆ ಕೂತು ಕೇಳಿದ, "ಈಗಲಾದ್ರೂ ಹೇಳಿ ಅವ್ವಾರೇ, ಏನ್ ಬರೀಲಿ?"

ಹೇಳಿದೆ. ಕುಂಚ ಹಿಡಿದ ಕೈ ಹಾಗೇ ನಿಂತಿತು. ಬೀದಿಯಲ್ಲಿ ಹೋಗುತ್ತಿದ್ದ ಎದುರುಮನೆ ಲಿಂಗಮ್ಮನೂ ನಿಂತಳು.

"ಸಣ್ಣಕ್ಷರದಾಗೆ ಬರೀಲಾ ಅವ್ವಾರೇ? ಜಾಗ ಕಮ್ಮಿ ಐತೆ."

"ದೊಡ್ಡದಾಗೇ ಬರಿ. ಬಸವಣ್ಣನ ಗುಡಿ ಹತ್ರ ನಿಂತೋರಿಗೂ ಓದೋಕೆ ಬರ್ಬೇಕು."

ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಬಣ್ಣ ಒಣಗುವವರೆಗೆ ಕೂತಿದ್ದೆ. ಓದಿದವರೆಲ್ಲ ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ. ಓಂಕಾರಮೂರ್ತಿ, ಬಿ.ಎಸ್ಸಿ. ಅದರ ಕೆಳಗೆ, ಮೀನುಗಾರಿಕೆ ಇಲಾಖೆ, ಕೋಡಿಹಿತ್ಲು. ಅಕ್ಷರ ನೆಟ್ಟಗೆ ಬಂದಿದೆ.